ಬೆಳ್ಳಿ ರೂಪಾಯಿಗೆ ಗ್ರೇಡಿಂಗ್: ಯಾವುದಕ್ಕೆ ಲಾಭ, ಯಾವುದಕ್ಕೆ ದಂಡ?

ಲಕ್ಷ್ಮೀಪೂಜೆಯ ದಿನ ಕಳಶದ ಪಕ್ಕದಲ್ಲಿಡುವ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆ ಎನ್ನುವ ವಿಡಿಯೊ ನೋಡಿದವರು ಮರುದಿನವೇ ವಿಚಾರಿಸುವುದು ಗ್ರೇಡಿಂಗ್ ಬಗ್ಗೆ. ಹೆಚ್ಚಿನವರಿಗೆ ನನ್ನ ಉತ್ತರ, ಬೇಡ. ಆದರೆ ನಿಮ್ಮ ಕೈಯಲ್ಲಿರುವುದು ಆ ಹೆಚ್ಚಿನವುಗಳ ಸಾಲಿಗೆ ಸೇರುತ್ತದೆಯೇ ಎಂಬುದನ್ನು ಮನೆಯಲ್ಲೇ ಕುಳಿತು ನೋಡಬಹುದು.

ಗ್ರೇಡಿಂಗ್ ಎಂದರೆ ಮಾರುವವನಿಗೂ ಕೊಳ್ಳುವವನಿಗೂ ಸೇರದ ಸಂಸ್ಥೆಯೊಂದು ನಾಣ್ಯವನ್ನು ಪರೀಕ್ಷಿಸಿ, ಅಸಲಿಯಾಗಿದ್ದರೆ 1ರಿಂದ 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಮೊಹರಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಕೊಡುವುದು. ಸಂಗ್ರಾಹಕರು ಈ ಪೆಟ್ಟಿಗೆಯನ್ನು ಸ್ಲ್ಯಾಬ್ ಎನ್ನುತ್ತಾರೆ. ಇಂಥ ಸಂಸ್ಥೆಗಳಲ್ಲಿ ಅಮೆರಿಕದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಆರಂಭವಾದವು. 60 ಮತ್ತು ಅದಕ್ಕಿಂತ ಹೆಚ್ಚಿನ ಅಂಕ ಸವೆಯದ ನಾಣ್ಯಕ್ಕೆ ಮಾತ್ರ ಸಿಗುತ್ತದೆ.

ಮೊದಲು ನೋಡಬೇಕಾದದ್ದು ಇಸವಿಯನ್ನಲ್ಲ, ಮೇಲ್ಮೈಯನ್ನು. ನಮ್ಮ ಕಡೆಯ ನಾಣ್ಯಗಳು ಸೋಲುವುದೇ ಇಲ್ಲಿ. ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ ಹಾಕಿ ಫಳಫಳ ಉಜ್ಜಿದ ಬೆಳ್ಳಿ ಪೂಜೆಗೆ ಚೆನ್ನ, ಪರೀಕ್ಷಕನ ಕಣ್ಣಿಗಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ: ಒಂದೇ ದಿಕ್ಕಿನಲ್ಲಿ ಓಡುವ ಕೂದಲೆಳೆಯಂಥ ಗೀರುಗಳು ಕಂಡರೆ ಅದು ಉಜ್ಜಿದ ನಾಣ್ಯ. ನಂತರ ಅಂಚನ್ನು ಪರೀಕ್ಷಿಸಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದ ನಾಣ್ಯದಲ್ಲಿ, ಕೊಂಡಿ ತೆಗೆದ ಮೇಲೂ ಬೆಸುಗೆಯ ಗುರುತು ಉಳಿದಿರುತ್ತದೆ. ಇಂಥವುಗಳಿಗೆ ಸಂಸ್ಥೆಗಳು ಅಂಕ ಕೊಡುವುದಿಲ್ಲ. ‘ತೊಳೆದದ್ದು’, ‘ಕೊಂಡಿ ತೆಗೆದದ್ದು’ ಎಂದು ದೋಷವನ್ನೇ ಚೀಟಿಯ ಮೇಲೆ ಬರೆದು ಕಳುಹಿಸುತ್ತವೆ. ದುಡ್ಡು ಕೊಟ್ಟು ದೂರು ಬರೆಸಿಕೊಂಡ ಹಾಗೆ! ತೊಳೆಯದೆ ಕಪ್ಪಾಗಿ, ನೀಲಿಯಾಗಿ, ಹೊಂಬಣ್ಣ ತಿರುಗಿ ಕುಳಿತ ನಾಣ್ಯವಿದ್ದರೆ ದಯವಿಟ್ಟು ಹಾಗೆಯೇ ಬಿಡಿ.

ಮೇಲ್ಮೈ ಪಾಸಾದರೆ ತಕ್ಕಡಿಗೆ ಬನ್ನಿ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಗಬೇಕು. ಬೆಳ್ಳಿಯ ಪ್ರಮಾಣ ಶೇ 91.7. ಸವೆದಿದ್ದರೆ ತೂಕ ತುಸು ಇಳಿಯುತ್ತದೆ. ಹೊಸದರಂತೆ ಕಾಣುವ ನಾಣ್ಯ 11 ಗ್ರಾಂ ಮಾತ್ರ ತೂಗಿದರೆ, ಅಥವಾ ಅಯಸ್ಕಾಂತಕ್ಕೆ ಅಂಟಿಕೊಂಡರೆ, ಮುಂದಿನ ಯೋಚನೆಯೇ ಬೇಡ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್‌ನದು, ಅದು ಅಯಸ್ಕಾಂತಕ್ಕೆ ಅಂಟುವುದು ಸಹಜ.

ಈಗ ಇಸವಿ. 1918ರ ರೂಪಾಯಿ ಬೇಕಾದಷ್ಟು ಸಿಗುತ್ತದೆ. ಮೊದಲ ಮಹಾಯುದ್ಧದ ಆ ಹೊತ್ತಿನಲ್ಲಿ ಬೆಳ್ಳಿ ಸಾಲದೆ, ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ನಮ್ಮ ಟಂಕಸಾಲೆಗಳಲ್ಲಿ ಕೋಟಿಗಟ್ಟಲೆ ರೂಪಾಯಿಗಳಾಯಿತು. ಹೀಗಾಗಿ ಸವೆದ 1918ಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ನಿರೀಕ್ಷಿಸಬೇಡಿ. 1911ರದ್ದು ಬೇರೆಯೇ ಕಥೆ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಜನ ಸಿಟ್ಟಾದರು, ಸರ್ಕಾರ ನಾಣ್ಯವನ್ನು ತಡೆಹಿಡಿದು ಬಹುಪಾಲನ್ನು ಕರಗಿಸಿತು. 1912ರ ನಾಣ್ಯದಲ್ಲಿ ಆನೆಯ ಸೊಂಡಿಲು ಸರಿಯಾಗಿದೆ. ಆರನೇ ಜಾರ್ಜನ 1939ರ ರೂಪಾಯಿ ಇನ್ನೂ ವಿರಳ, ಆದ್ದರಿಂದಲೇ ಅದರ ನಕಲಿಗಳು ಹೇರಳ. ಇಂಥ ಇಸವಿಗಳಲ್ಲಿ ಅಂಕ ಕಡಿಮೆ ಬಂದರೂ, ‘ಅಸಲಿ’ ಎಂಬ ಒಂದು ಮಾತಿಗಾಗಿ ಗ್ರೇಡಿಂಗ್ ಮಾಡಿಸಬಹುದು.

ಸವಕಳಿ ಮೊದಲು ಕಾಣುವುದು ಉಬ್ಬಿದ ಜಾಗಗಳಲ್ಲಿ: ವಿಕ್ಟೋರಿಯಾಳ ಹಣೆಯ ಮೇಲಿನ ಕೂದಲು, ಜಾರ್ಜನ ಹುಬ್ಬು, ಕಿವಿ, ಕಿರೀಟದ ಆಭರಣ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಓರೆ ಹಿಡಿದು ತಿರುಗಿಸಿ. ಟಂಕಸಾಲೆಯ ಮೂಲ ಕಾಂತಿ ಉಳಿದಿದ್ದರೆ ಬೆಳಕಿನ ಪಟ್ಟೆಗಳು ನಾಣ್ಯದ ಮೇಲೆ ಸುತ್ತುತ್ತವೆ. ಉಜ್ಜಿ ತಂದ ಹೊಳಪು ಸುತ್ತುವುದಿಲ್ಲ, ಇದ್ದಲ್ಲೇ ಮಿಂಚುತ್ತದೆ.

ಕೊನೆಗೆ ಲೆಕ್ಕ. ಜಾಲತಾಣದಲ್ಲಿ ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ಹುಡುಕಿ. ಶುಲ್ಕ, ಸಾಗಣೆ, ವಿಮೆ ಸೇರಿ 4,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳೋಣ. ಸ್ಲ್ಯಾಬ್ ಇಲ್ಲದೆ 3,000ಕ್ಕೆ ಹೋಗುವ ನಾಣ್ಯ, ನೀವು ಅಂದುಕೊಂಡ ಅಂಕ ಬಂದರೆ 9,000ಕ್ಕೆ, ಒಂದು ಮೆಟ್ಟಿಲು ಕೆಳಗಿನ ಅಂಕ ಬಂದರೆ 5,000ಕ್ಕೆ ಹೋಗುತ್ತದೆ ಎನ್ನಿ. ಮೊದಲನೆಯದರಲ್ಲಿ 2,000 ಲಾಭ, ಎರಡನೆಯದರಲ್ಲಿ 2,000 ನಷ್ಟ, ಅದೂ ಹರಾಜಿನವರ ಕಮಿಷನ್ ಕಳೆಯುವ ಮುನ್ನ. ಸ್ವಂತ ನಾಣ್ಯಕ್ಕೆ ಎಲ್ಲರೂ ಧಾರಾಳವಾಗಿ ಅಂಕ ಹಾಕುತ್ತಾರೆ. ಆದ್ದರಿಂದ ಕೆಳಗಿನ ಮೆಟ್ಟಿಲಿನ ಬೆಲೆಯಲ್ಲೂ ಖರ್ಚು ಗಿಟ್ಟಿದರೆ ಮಾತ್ರ ಮುಂದುವರಿಯಿರಿ. ಅನುಮಾನವಿದ್ದರೆ ನಾಣ್ಯ ಮೇಳಕ್ಕೆ ಹೋಗಿ ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ, ಮಾರುವ ಮಾತು ಮಾತ್ರ ಎತ್ತಬೇಡಿ.

ಕಳುಹಿಸುವ ಮುನ್ನ ಕಾನೂನು ತಿಳಿದಿರಲಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಅಂದರೆ 1911ರ ರೂಪಾಯಿಯನ್ನು ಅಂಚೆಯಲ್ಲಿ ಅಮೆರಿಕಕ್ಕೆ ರವಾನಿಸುವುದಾಗಲಿ, ಅಲ್ಲಿರುವ ಮಗನ ಚೀಲದಲ್ಲಿ ಇಟ್ಟು ಕಳುಹಿಸುವುದಾಗಲಿ ಆಗದು. ವಿದೇಶಿ ಸಂಸ್ಥೆಯ ಹೆಸರು ಹೇಳಿ ನಾಣ್ಯ ತೆಗೆದುಕೊಳ್ಳುವ ಮಧ್ಯವರ್ತಿಯನ್ನು, ಅದು ಗಡಿ ದಾಟುತ್ತದೆಯೇ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಹಳೆಯ ನಾಣ್ಯ ಕೊಳ್ಳುತ್ತೇವೆಂದು ಮುಂಗಡ ಶುಲ್ಕ ಕೇಳುವ ಕರೆ ಬಂದರೆ ಫೋನ್ ಇಟ್ಟುಬಿಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲ ಎಂದು ಬ್ಯಾಂಕು 2021ರಲ್ಲೇ ಎಚ್ಚರಿಸಿದೆ.