ಸಣ್ಣ ನರತಂತುಗಳ ಕಾರ್ಯವನ್ನು ಪರೀಕ್ಷಿಸುವ ಕ್ರಮ

ಪಾದ ಉರಿಯುತ್ತದೆ, ರಾತ್ರಿ ಹೊದಿಕೆ ತಾಕಿದರೂ ಸಹಿಸಲಾಗದು, ಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ ಎಂದು ಹೇಳಿಕೊಂಡು ಬರುವ ರೋಗಿಯ ನರ್ವ್ ಕಂಡಕ್ಷನ್ (ನರದಲ್ಲಿ ವಿದ್ಯುತ್ ಸಂದೇಶ ಹೇಗೆ ಸಾಗುತ್ತದೆ ಎಂದು ಅಳೆಯುವ ಪರೀಕ್ಷೆ) ವರದಿ ಎಷ್ಟೋ ಸಲ ‘ನಾರ್ಮಲ್’ ಎಂದೇ ಬರುತ್ತದೆ. ಅದನ್ನು ನೋಡಿ ‘ನಿಮಗೇನೂ ಆಗಿಲ್ಲ’ ಎಂದು ಕಳುಹಿಸಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಆ ಪರೀಕ್ಷೆ ಅಳೆಯುವುದು ಮಯಲಿನ್ ಎಂಬ ಕೊಬ್ಬಿನಂಶದ ದಪ್ಪ ಹೊದಿಕೆಯುಳ್ಳ ದೊಡ್ಡ ತಂತುಗಳನ್ನು ಮಾತ್ರ. ನೋವು, ಬಿಸಿ, ತಂಪುಗಳನ್ನು ಒಯ್ಯುವವು ತೆಳು ಹೊದಿಕೆಯ ಎ-ಡೆಲ್ಟಾ ತಂತುಗಳು ಮತ್ತು ಹೊದಿಕೆಯೇ ಇಲ್ಲದ ಸಿ ತಂತುಗಳು. ಸಿ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 0.5ರಿಂದ 2 ಮೀಟರ್ ವೇಗದಲ್ಲಷ್ಟೇ ಸಾಗುತ್ತದೆ. ಅಷ್ಟು ನಿಧಾನದ, ಅಷ್ಟು ಕ್ಷೀಣವಾದ ಅಲೆಯನ್ನು ಸಾಮಾನ್ಯ ನರ್ವ್ ಕಂಡಕ್ಷನ್ ಯಂತ್ರ ಹಿಡಿಯುವುದಿಲ್ಲ.

ಪರೀಕ್ಷೆಯನ್ನು ಯಂತ್ರದಿಂದಲ್ಲ, ಸೂಜಿಮೊನೆಯಿಂದ ಆರಂಭಿಸಬೇಕು. ಒಮ್ಮೆ ಬಳಸಿ ಎಸೆಯುವ, ಚರ್ಮವನ್ನು ಸೀಳದ ಪರೀಕ್ಷಾ ಪಿನ್ ತೆಗೆದುಕೊಳ್ಳಿ. ಇಂಜೆಕ್ಷನ್ ಸೂಜಿ ಇದಕ್ಕೆ ಸಲ್ಲದು. ಮೊದಲು ರೋಗಿಯ ಎದೆಯ ಮೇಲೆ ಅಥವಾ ಮುಂಗೈಯ ಮೇಲೆ ಮೊನೆಯನ್ನೂ ಮೊಂಡು ತುದಿಯನ್ನೂ ತಾಕಿಸಿ, ‘ಇದು ಚೂಪು, ಇದು ಮೊಂಡು’ ಎಂದು ಪರಿಚಯಿಸಿ. ಆಮೇಲೆ ಕಣ್ಣು ಮುಚ್ಚಲು ಹೇಳಿ, ಹೆಬ್ಬೆರಳಿನಿಂದ ಮೊಣಕಾಲಿನತ್ತ ಮೇಲೇರುತ್ತಾ ಹೋಗಿ, ನಡುನಡುವೆ ಹೇಳದೆಯೇ ಮೊಂಡು ತುದಿಯನ್ನು ತಾಕಿಸಿ. ‘ಇಲ್ಲಿ ಕಡಿಮೆಯಾಯಿತೇ?’ ಎಂಬ ಪ್ರಶ್ನೆ ಉತ್ತರವನ್ನೂ ತನ್ನೊಳಗೇ ಇಟ್ಟುಕೊಂಡಿರುತ್ತದೆ, ‘ಈಗ ಏನನ್ನಿಸಿತು?’ ಎಂದಷ್ಟೇ ಕೇಳುವುದು ಒಳ್ಳೆಯದು. ಚೂಪು ಮತ್ತೆ ಸರಿಯಾಗಿ ತಿಳಿಯತೊಡಗಿದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಕೆಲವರಿಗೆ ಚುಚ್ಚು ತಿಳಿಯುವುದಿಲ್ಲ, ಕೆಲವರಿಗೆ ಅದು ವಿಪರೀತ ನೋಯುತ್ತದೆ, ಇನ್ನು ಕೆಲವರಿಗೆ ಹತ್ತಿಯ ಎಳೆ ಸವರಿದರೂ ಉರಿಯುತ್ತದೆ. ಮೂರೂ ದಾಖಲಿಸಬೇಕಾದ ಚಿಹ್ನೆಗಳೇ.

ಬಿಸಿ ಮತ್ತು ತಂಪನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ತಂಪನ್ನು ಮುಖ್ಯವಾಗಿ ಎ-ಡೆಲ್ಟಾ ತಂತುಗಳೂ ಹಿತವಾದ ಬಿಸಿಯನ್ನು ಸಿ ತಂತುಗಳೂ ಒಯ್ಯುತ್ತವೆ. ತಂಪಿಗೆ ಟ್ಯೂನಿಂಗ್ ಫೋರ್ಕಿನ (ತಟ್ಟಿದರೆ ಕಂಪಿಸುವ ಕವಲುಕಡ್ಡಿ) ಲೋಹದ ಬದಿಯೇ ಸಾಕು. ಬಿಸಿಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರು ತುಂಬಿದ ಪ್ರನಾಳವನ್ನು ನಿಮ್ಮ ಕೈಗೆ ತಾಗಿಸಿ ನೋಡಿಕೊಂಡ ಮೇಲೆಯೇ ರೋಗಿಗೆ ತಾಗಿಸಿ; ಬಿಸಿ ತಿಳಿಯದ ಪಾದ ಸುಟ್ಟುಕೊಂಡರೂ ರೋಗಿಗೆ ತಿಳಿಯದೆ ಹೋಗಬಹುದು. ಪಾದವೇ ತಣ್ಣಗಾಗಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ, ಆದ್ದರಿಂದ ಮೊದಲು ಅದನ್ನು ಬೆಚ್ಚಗೆ ಮಾಡಿ.

128 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನ ಕಂಪನ, ಬೆರಳಿನ ಸ್ಥಾನದ ಅರಿವು, ಕಣಕಾಲಿನ ರಿಫ್ಲೆಕ್ಸ್ ಇವುಗಳನ್ನೂ ನೋಡಲೇಬೇಕು, ಏಕೆಂದರೆ ಇವು ದೊಡ್ಡ ತಂತುಗಳ ಕೆಲಸ. ಇವು ಸರಿಯಿದ್ದು ಸೂಜಿಮೊನೆ ಮತ್ತು ತಾಪದ ಅರಿವು ಮಾತ್ರ ಕೆಟ್ಟಿದ್ದರೆ ಹಾನಿ ಸಣ್ಣ ತಂತುಗಳಿಗೆ ಸೀಮಿತವಾಗಿದೆ ಎನ್ನಬಹುದು. ಎಲ್ಲವೂ ಕೆಟ್ಟಿದ್ದರೆ ಅದು ಮಿಶ್ರ ನರರೋಗ. ಬೆವರು, ಬಾಯಿ ಒಣಗುವುದು, ಎದ್ದಾಗ ತಲೆಸುತ್ತು ಇವುಗಳ ಬಗ್ಗೆಯೂ ಕೇಳಿ. ಐದು ನಿಮಿಷ ಮಲಗಿಸಿ ರಕ್ತದೊತ್ತಡ ಅಳೆದು, ನಿಂತ ಮೂರು ನಿಮಿಷಗಳೊಳಗೆ ಮತ್ತೆ ಅಳೆಯಿರಿ. ಮೇಲಿನ ಅಂಕೆ 20 ಅಥವಾ ಕೆಳಗಿನ ಅಂಕೆ 10 ಇಳಿದರೆ ಬೆವರು, ರಕ್ತದೊತ್ತಡ ಮುಂತಾದವನ್ನು ತಾವಾಗಿಯೇ ನಿಯಂತ್ರಿಸುವ ಸ್ವಾಯತ್ತ ನರಗಳ ಕಡೆ ಗಮನ ಹರಿಸಬೇಕು, ಆದರೆ ನಿರ್ಜಲೀಕರಣ ಮತ್ತು ಔಷಧಗಳಿಂದಲೂ ಹೀಗಾಗುತ್ತದೆ ಎಂಬುದು ನೆನಪಿರಲಿ.

ಯಂತ್ರದಿಂದ ತಾಪದ ಮಿತಿ (ಬಿಸಿ ಅಥವಾ ತಂಪು ಮೊದಲು ಅರಿವಿಗೆ ಬರುವ ಮಟ್ಟ) ಅಳೆಯುವಾಗ ಪಾದದ ಮೇಲ್ಭಾಗದಲ್ಲಿಟ್ಟ ಫಲಕವು 32 ಡಿಗ್ರಿಯಿಂದ ಆರಂಭಿಸಿ ಸಾಮಾನ್ಯವಾಗಿ ಸೆಕೆಂಡಿಗೆ 1 ಡಿಗ್ರಿಯಂತೆ ಏರುತ್ತದೆ ಅಥವಾ ಇಳಿಯುತ್ತದೆ. ಬದಲಾವಣೆ ತಿಳಿದ ಕೂಡಲೇ ರೋಗಿ ಗುಂಡಿ ಒತ್ತಬೇಕು. ಚರ್ಮಕ್ಕೆ ಹಾನಿಯಾಗದಂತೆ 0 ಮತ್ತು 50 ಡಿಗ್ರಿಗಳಲ್ಲಿ ಯಂತ್ರ ನಿಲ್ಲುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆದು, ಅದೇ ವಯಸ್ಸು, ಅದೇ ಜಾಗದ ಆರೋಗ್ಯವಂತರ ಅಳತೆಗೆ ಹೋಲಿಸಬೇಕು. ಇದರ ಮಿತಿಯನ್ನು ಒಪ್ಪಿಕೊಳ್ಳಲೇಬೇಕು: ಗಮನ ಚದುರಿದ ಅಥವಾ ನಿದ್ದೆಗೆಟ್ಟ ರೋಗಿಯ ಅಂಕಿಗಳು ಕೆಡುತ್ತವೆ, ಮತ್ತು ದೋಷ ಪಾದದ ನರದಲ್ಲಿದೆಯೋ ಮೆದುಳುಬಳ್ಳಿಯಲ್ಲಿದೆಯೋ ಎಂಬುದನ್ನು ಇದು ಹೇಳಲಾರದು.

ತಂತುಗಳನ್ನು ಕಣ್ಣಾರೆ ನೋಡಲು ದಾರಿ ಸ್ಕಿನ್ ಬಯಾಪ್ಸಿ. ಕಣಕಾಲಿನ ಹೊರಬದಿಯ ಮೂಳೆಯಿಂದ 10 ಸೆಂಟಿಮೀಟರ್ ಮೇಲೆ ಸ್ಥಳೀಯ ಅರಿವಳಿಕೆ ಕೊಟ್ಟು, 3 ಮಿಲಿಮೀಟರ್ ಪಂಚ್‌ನಿಂದ ಚರ್ಮದ ತುಣುಕು ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಚಿಮಟದಿಂದ ತುಣುಕನ್ನು ಹಿಂಡಬಾರದು, ಹೊರಚರ್ಮ ಜಜ್ಜಿದರೆ ಎಣಿಕೆ ಕೆಡುತ್ತದೆ. ಪ್ರಯೋಗಾಲಯ ಸೂಚಿಸಿದ ದ್ರವದಲ್ಲಿಯೇ ಅದನ್ನು ಹಾಕಬೇಕು. 50 ಮೈಕ್ರಾನ್ ದಪ್ಪದ ಪದರಗಳಿಗೆ ಪಿಜಿಪಿ 9.5 ಎಂಬ ನರತಂತುಗಳ ಪ್ರೋಟೀನಿಗೆ ಅಂಟುವ ಪ್ರತಿಕಾಯದ ಬಣ್ಣ ಹಚ್ಚಿದಾಗ ಒಳಚರ್ಮದಿಂದ ಮೇಲೆದ್ದ ತಂತುಗಳು ನೂಲಿನಂತೆ ಕಾಣುತ್ತವೆ. ಒಳಚರ್ಮ ಮತ್ತು ಹೊರಚರ್ಮಗಳ ನಡುವಿನ ಪೊರೆಯನ್ನು ದಾಟಿದ ತಂತುಗಳನ್ನು ಮಾತ್ರ ಎಣಿಸಬೇಕು. ದಾಟಿದ ಮೇಲೆ ಕವಲೊಡೆದರೂ ಅದು ಒಂದೇ. ಒಂದು ಮಿಲಿಮೀಟರ್ ಉದ್ದಕ್ಕೆ ಎಷ್ಟು ಎಂಬ ಸಂಖ್ಯೆ ಆ ವಯಸ್ಸು ಮತ್ತು ಲಿಂಗದ ಆರೋಗ್ಯವಂತರ ಐದನೇ ಪರ್ಸೆಂಟೈಲ್‌ಗಿಂತ (ನೂರು ಜನರಲ್ಲಿ ಅತಿ ಕಡಿಮೆಯಿರುವ ಐವರ ಮಟ್ಟಕ್ಕಿಂತ) ಕಡಿಮೆಯಿದ್ದರೆ ಅಸಹಜ. ಉರಿ ಪಾದದಲ್ಲಷ್ಟೇ ಅಲ್ಲದೆ ಮುಖ, ತೋಳು, ಬೆನ್ನಿನಲ್ಲೂ ಇದ್ದರೆ ತೊಡೆಯಿಂದಲೂ ಇನ್ನೊಂದು ತುಣುಕು ತೆಗೆಯುವುದು ಉಪಯುಕ್ತ.

ಬೆವರು ಗ್ರಂಥಿಗಳ ನರಗಳನ್ನು ಅಸಿಟೈಲ್‌ಕೋಲಿನ್‌ನಿಂದ ಕೆರಳಿಸಿ ಬೆವರಿನ ಪ್ರಮಾಣ ಅಳೆಯುವ ಪರೀಕ್ಷೆ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ನರಗಳನ್ನು ನೋಡುವ ಕನ್‌ಫೋಕಲ್ ಸೂಕ್ಷ್ಮದರ್ಶಕ ಇವೂ ಇವೆ, ಆದರೆ ಎಲ್ಲೆಡೆ ಲಭ್ಯವಿಲ್ಲ.

ಒಂದೇ ಪರೀಕ್ಷೆಯ ಮೇಲೆ ತೀರ್ಪು ನಿಲ್ಲಬಾರದು. ಮಧುಮೇಹದ ನರರೋಗಕ್ಕಾಗಿ ಟೊರೊಂಟೊ ತಜ್ಞರ ಸಮಿತಿ 2010ರಲ್ಲಿ ಪ್ರಕಟಿಸಿದ ಮಾನದಂಡದಂತೆ, ಲಕ್ಷಣಗಳು, ಪರೀಕ್ಷೆಯಲ್ಲಿ ಕಂಡ ಚಿಹ್ನೆಗಳು ಮತ್ತು ಸರಿಯಿರುವ ಸುರಲ್ ನರದ (ಕಾಲಿನ ಹಿಂಬದಿಯಿಂದ ಪಾದದ ಹೊರ ಅಂಚಿಗೆ ಹೋಗುವ ಸಂವೇದನಾ ನರ) ವಹನ, ಇವುಗಳ ಜೊತೆಗೆ ಬಯಾಪ್ಸಿಯೋ ತಾಪದ ಮಿತಿಯೋ ಅಸಹಜವಾಗಿದ್ದರೆ ಮಾತ್ರ ನಿರ್ಣಯ ಖಚಿತ. ಆಮೇಲೆ ಕಾರಣದ ಹುಡುಕಾಟಕ್ಕೆ ಬರಬೇಕು: ರಕ್ತದ ಸಕ್ಕರೆ, ಬಿ12 ಜೀವಸತ್ವ, ಮದ್ಯಪಾನ, ಕೀಮೋಥೆರಪಿ, ಶೋಗ್ರೆನ್ ರೋಗ (ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಗಳ ಮೇಲೆರಗಿ ಕಣ್ಣು, ಬಾಯಿ ಒಣಗಿಸುವ ರೋಗ), ಅಮೈಲಾಯ್ಡ್ (ಅಸಹಜ ಪ್ರೋಟೀನ್ ಅಂಗಾಂಶಗಳಲ್ಲಿ ಶೇಖರವಾಗುವುದು), ಎಚ್‌ಐವಿ. ಸೂಜಿಮೊನೆಯ ಗುರುತು ಹೆಬ್ಬೆರಳಿನ ತುದಿಯಿಂದ ಎಷ್ಟು ಸೆಂಟಿಮೀಟರ್ ಮೇಲಿತ್ತು ಎಂಬುದನ್ನು ಎರಡೂ ಕಾಲುಗಳಿಗೆ ಬೇರೆಬೇರೆಯಾಗಿ ಬರೆದಿಡಿ. ಮುಂದಿನ ಭೇಟಿಯಲ್ಲಿ ರೋಗ ಏರಿದೆಯೋ ಇಳಿದಿದೆಯೋ ಎಂದು ಹೋಲಿಸಿ ನೋಡಲು ಅದು ಬೇಕಾಗುತ್ತದೆ.