ಬೈಕಿನ ಮುಂದಿನ ಶಾಕಿಗೆ ಕೈ ಹಾಕಿದ ಕತೆ

ಹೆತ್ತೂರಿನ ಕಡೆ ಸ್ನೇಹಿತರೊಬ್ಬರ ಕಾಫಿ ತೋಟವಿದೆ. ಅದರೊಳಗೆ ಒಂದು ಜೀಪ್ ರಸ್ತೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಕಲ್ಲು ಉಳಿದಿರುತ್ತದೆ. ಮೂರನೇ ತಿರುವಿನಲ್ಲಿ ಅಡ್ಡಕ್ಕೆ ಒಂದು ಚರಂಡಿ ಬರುತ್ತದೆ. ಅದಕ್ಕೆ ಇಳಿದಾಗಲೆಲ್ಲ ನನ್ನ ಬೈಕಿನ ಮುಂಭಾಗ 'ಠಣ್' ಅನ್ನುತ್ತಿತ್ತು. ಸದ್ದು ಕಿವಿಗೆ ಕೇಳುವ ಮೊದಲೇ ಹಲ್ಲಿಗೆ ಗೊತ್ತಾಗುತ್ತಿತ್ತು.

ಬೈಕು ಹೀರೋ ಎಕ್ಸ್‌ಪಲ್ಸ್ 200. ಮುಂದೆ 37 ಮಿಮೀ ದಪ್ಪದ ಫೋರ್ಕ್, ಅಂದರೆ ಚಕ್ರವನ್ನು ಎರಡೂ ಬದಿ ಹಿಡಿಯುವ ಎರಡು ಕಾಲಿನ ಶಾಕ್; ಅದು ಕುಗ್ಗಬಲ್ಲ ದೂರ, ಅಂದರೆ ಚಲನೆ, 190 ಮಿಮೀ. ಅದು ಪೂರ್ತಿ ಕುಗ್ಗಿ ತಳ ಬಡಿದಾಗ ಬರುವುದೇ ಆ 'ಠಣ್'. ಅದರದ್ದೇನೂ ತಪ್ಪಿಲ್ಲ. ತೂಕ ನನ್ನದು. ಬರಿ ಮೈ 92 ಕೆಜಿ. ಬೂಟು, ಹೆಲ್ಮೆಟ್ಟು, ನೀರು, ಟೂಲ್ ಬ್ಯಾಗ್ ಸೇರಿದರೆ ನೂರು ದಾಟುತ್ತದೆ. ಬೈಕ್ ಮಾಡುವವರು ಆಫೀಸಿಗೆ ಹೋಗುವವರಿಗೂ ಹೊಂದಬೇಕು, 60 ಕೆಜಿಯ ಹುಡುಗರಿಗೂ ಹೊಂದಬೇಕು ಅಂತ ಸ್ಪ್ರಿಂಗ್ ಹಾಕಿರುತ್ತಾರೆ. ಅದೇ ಬೈಕಿನ ರ‍್ಯಾಲಿ ಆವೃತ್ತಿ 2022ರಲ್ಲಿ ಬಂತು, ಮುಂದೆ 250 ಮಿಮೀ ಚಲನೆ. ಅದರ ಫೋರ್ಕನ್ನೇ ತಂದು ಹಾಕೋಣ ಅಂತಲೂ ಒಮ್ಮೆ ಅನ್ನಿಸಿತ್ತು. ಆದರೆ ಮುಂಭಾಗವನ್ನು ಮಾತ್ರ ಅಷ್ಟು ಎತ್ತರಿಸಿದರೆ ಹಿಂದಿನದನ್ನೂ ಎತ್ತರಿಸಬೇಕು, ಸೈಡ್ ಸ್ಟ್ಯಾಂಡೂ ಉದ್ದ ಆಗಬೇಕು. ನನ್ನ ಕಾಲು ಮಾತ್ರ ಇದ್ದಷ್ಟೇ ಇರುತ್ತದೆ. ಸರಿ, ಇರುವುದನ್ನೇ ರಿಪೇರಿ ಮಾಡಿಕೊಳ್ಳೋಣ ಅಂದುಕೊಂಡೆ.

ಮೊದಲು ಮಾಡಿದ್ದು ದಡ್ಡತನ. 'ಗಟ್ಟಿ ಆಯಿಲ್ ಹಾಕಿಸಿ, ಸರಿಹೋಗತ್ತೆ' ಅಂತ ಯಾರೋ ಹೇಳಿದರು. ಒಂದು ಗ್ಯಾರೇಜಿನಲ್ಲಿ ಫೋರ್ಕಿನೊಳಗೆ 20ಡಬ್ಲ್ಯು ಆಯಿಲ್ ಹಾಕಿಸಿದೆ (ಅಂಕಿ ದೊಡ್ಡದಾದಷ್ಟೂ ಆಯಿಲ್ ಗಟ್ಟಿ). ಪೇಟೆಯಲ್ಲಿ ಓಡಿಸುವಾಗ ಖುಷಿಯಾಯಿತು. ಬ್ರೇಕ್ ಹಿಡಿದರೆ ಮೂಗು ಮೊದಲಿನಷ್ಟು ದಡಕ್ಕನೆ ಕೆಳಗೆ ಹೋಗುತ್ತಿರಲಿಲ್ಲ. ತೋಟಕ್ಕೆ ಹೋದ ಮೇಲೆ ಬಣ್ಣ ಬಯಲಾಯಿತು. ಸಾಲು ಕಲ್ಲುಗಳ ಮೇಲೆ ಮೊದಲ ಎರಡು ಸಲೀಸು, ಮೂರನೆಯದು ಒರಟು, ಐದನೆಯದಕ್ಕೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ. ಚರಂಡಿಯಲ್ಲಿ ಅದೇ 'ಠಣ್'.

ಯಾಕೆ ಹಾಗಾಯಿತು ಅಂತ ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಫೋರ್ಕ್ ಎಷ್ಟು ಕೆಳಗೆ ಹೋಗಿ ನಿಲ್ಲಬೇಕು ಅನ್ನುವುದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಎಷ್ಟು ಬೇಗ ಹೋಗಬೇಕು, ಎಷ್ಟು ಬೇಗ ಮೇಲೆ ಬರಬೇಕು ಅನ್ನುವುದು ಆಯಿಲ್ ಕೆಲಸ. ನನ್ನ ಬೈಕಿನಂಥ ಸಾದಾ ಫೋರ್ಕಿನಲ್ಲಿ ಆಯಿಲ್ ನಿಗದಿಯಾದ ತೂತುಗಳಲ್ಲಿ ನುಗ್ಗಬೇಕು. ವೇಗ ಎರಡು ಪಟ್ಟಾದರೆ ಅಡ್ಡಿ ಸುಮಾರು ನಾಲ್ಕು ಪಟ್ಟು. ಹಾಗಾಗಿ ಗಟ್ಟಿ ಆಯಿಲ್ ಬ್ರೇಕಿನ ನಿಧಾನ ಇಳಿತಕ್ಕೆ ಸ್ವಲ್ಪ ಸಹಾಯ ಮಾಡಿತು, ಕಲ್ಲಿನ ಏಟಿಗೆ ಮಾತ್ರ ಗೋಡೆಯಾಯಿತು. ಮೇಲೆ ಏಳುವುದೂ ನಿಧಾನ. ಒಂದು ಕಲ್ಲಿನಿಂದ ಪೂರ್ತಿ ಏಳುವ ಮೊದಲೇ ಇನ್ನೊಂದು ಬರುತ್ತದೆ. ಹೀಗೆ ಒಂದೊಂದು ಕಲ್ಲಿಗೂ ಫೋರ್ಕ್ ಕುಗ್ಗುತ್ತಾ ಹೋಗಿ ಕೊನೆಗೆ ಕುಗ್ಗಲು ಜಾಗವೇ ಇರುವುದಿಲ್ಲ.

ಆಮೇಲೆ ಅಳತೆಗೆ ಕೂತೆ. ಮೊದಲೇ ಕೂರಬೇಕಿತ್ತು. ಇದಕ್ಕೆ ಬೇಕಾಗಿದ್ದು ಒಂದು ಟೇಪು, ವೈರ್ ಕಟ್ಟುವ ಒಂದು ನೈಲಾನ್ ಟ್ಯಾಗ್, ಬೈಕ್ ಹಿಡಿದುಕೊಳ್ಳಲು ತಮ್ಮ. ಬ್ಯಾಶ್ ಪ್ಲೇಟ್ (ಎಂಜಿನ್ ಅಡಿಯ ರಕ್ಷಣೆ ತಗಡು) ಕೆಳಗೆ ಟೊಮೇಟೊ ಕ್ರೇಟ್ ಇಟ್ಟು ಮುಂದಿನ ಚಕ್ರ ಎತ್ತಿ, ಡಸ್ಟ್ ಸೀಲಿನಿಂದ (ಫೋರ್ಕ್ ಕೊಳವೆ ಒಳಗೆ ಹೋಗುವಲ್ಲಿರುವ ರಬ್ಬರ್ ಉಂಗುರ) ಕೆಳಗಿನ ಟೀವರೆಗೆ (ಎರಡೂ ಕೊಳವೆಗಳನ್ನು ಮೇಲೆ ಹಿಡಿದಿಡುವ ಅಡ್ಡಪಟ್ಟಿ) ಅಳೆದೆ. ಬೈಕನ್ನು ನೆಲಕ್ಕಿಳಿಸಿ ಅಳೆದಾಗ 45 ಮಿಮೀ ಕಡಿಮೆ. ಎಲ್ಲ ತೊಟ್ಟುಕೊಂಡು ಫುಟ್‌ಪೆಗ್ ಮೇಲೆ ನಿಂತಾಗ 78 ಕಡಿಮೆ. ಅಂದರೆ 190ರಲ್ಲಿ 41% ನಾನು ಹೊರಡುವ ಮೊದಲೇ ಖರ್ಚು! ಇಂಥ ಕಾಡುದಾರಿಯ ಬೈಕಿಗೆ 30%ದ ಆಸುಪಾಸು ಇದ್ದರೆ ಚೆನ್ನ, ನನ್ನ ಲೆಕ್ಕಕ್ಕೆ 57 ಮಿಮೀ.

ಸುಲಭದ ದಾರಿ ಪಿವಿಸಿ ಪೈಪ್. ಸ್ಪ್ರಿಂಗ್ ಮೇಲೆ 25 ಮಿಮೀ ತುಂಡು ಇಟ್ಟು ಮುಚ್ಚಳ ತಿರುಗಿಸಿದೆ. ಪುನಃ ಅಳೆದರೆ ನಾನು ನಿಂತಾಗ 53. ಆಹಾ ಅನ್ನಿಸಿತು. ಬೈಕ್ ಒಂದೇ ನಿಂತಾಗ ಬರೀ 20. ಇಲ್ಲಿ ಒಂದು ಮಾತು ಗಮನಿಸಿ. ಮೊದಲು 45 ಮತ್ತು 78, ವ್ಯತ್ಯಾಸ 33. ಈಗ 20 ಮತ್ತು 53, ವ್ಯತ್ಯಾಸ ಅದೇ 33. ನನ್ನ ತೂಕಕ್ಕೆ ಸ್ಪ್ರಿಂಗ್ ಬಗ್ಗುವುದು ಎಳ್ಳಷ್ಟೂ ಕಡಿಮೆಯಾಗಿಲ್ಲ. ಪೈಪ್ ತುಂಡು ಸ್ಪ್ರಿಂಗನ್ನು ಗಟ್ಟಿ ಮಾಡಲಿಲ್ಲ, ಬೈಕನ್ನು ಎತ್ತಿ ನಿಲ್ಲಿಸಿತು ಅಷ್ಟೇ. ಓಡಿಸಿದಾಗ ಚಕ್ರ ಗುಂಡಿಗೆ ಇಳಿಯಲು ಜಾಗ ಸಾಲದೆ ಮೇಲ್ತುದಿಯಲ್ಲಿ 'ಟಕ್' ಅನ್ನುವ ಹೊಸ ಸದ್ದು ಶುರುವಾಯಿತು. ಅದನ್ನು ತೆಗೆಯುವಾಗ ಮುಚ್ಚಳದ ಕೊನೆಯ ಥ್ರೆಡ್ ಬಿಟ್ಟ ಕೂಡಲೇ ಅದು ಹಾರಿ ಶೆಡ್ಡಿನ ಹೆಂಚಿಗೆ ಬಡಿಯಿತು. ಮುಖ ಪಕ್ಕಕ್ಕಿತ್ತು, ಪುಣ್ಯ. ಮುಚ್ಚಳ ಬಿಚ್ಚುವಾಗ ಯಾವಾಗಲೂ ಅಂಗೈಯಿಂದ ಒತ್ತಿಕೊಂಡೇ ತಿರುಗಿಸಿ.

ಹಾಗಾದರೆ ಬೇಕಾಗಿದ್ದು ಗಟ್ಟಿ ಸ್ಪ್ರಿಂಗ್. ಹೊರಗಿನಿಂದ ತರಿಸುವ ಬೆಲೆ ಕೇಳಿ ಸುಮ್ಮನಾದೆ. ಸ್ಪ್ರಿಂಗಿನ ಲೆಕ್ಕದಲ್ಲಿ ನಮಗೆ ಅನುಕೂಲವಾದ ಒಂದು ಗುಟ್ಟಿದೆ. ಅದೇ ತಂತಿ, ಅದೇ ಅಗಲ ಇದ್ದು ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕೆಲಸ ಮಾಡುವ ಸುತ್ತು 40 ಇದ್ದು ಅದರಲ್ಲಿ ಆರು ತೆಗೆದರೆ, 40 ಭಾಗಿಸು 34, ಸುಮಾರು 18% ಗಟ್ಟಿ. ಕತ್ತರಿಸಿದಷ್ಟು ಉದ್ದವನ್ನು ಪೈಪಿನಿಂದ ತುಂಬಿದರಾಯಿತು. ಸ್ಪ್ರಿಂಗ್ ಒಂದು ತುದಿಯಲ್ಲಿ ಒತ್ತಾಗಿ ಸುತ್ತಿದ್ದರೆ ಆ ಕಡೆಯಿಂದಲೇ ಕತ್ತರಿಸಬೇಕು, ಆ ಸುತ್ತುಗಳು ಹೇಗೂ ಮೊದಲು ಒಂದಕ್ಕೊಂದು ಅಂಟಿಕೊಂಡು ಸುಮ್ಮನಾಗುತ್ತವೆ.

ಬೈಕಿನ ಮೂಲ ಸ್ಪ್ರಿಂಗಿಗೆ ಕತ್ತರಿ ಹಾಕುವ ಧೈರ್ಯ ಇರಲಿಲ್ಲ. ಸ್ಪೇರ್ ಅಂಗಡಿಯಲ್ಲಿ ಇನ್ನೊಂದು ಜೊತೆ ತೆಗೆದುಕೊಂಡು ಹಾಸನದ ಲೇತ್ ಅಂಗಡಿಗೆ ಹೋದೆ. ಅಂಗಡಿಯವರು ಪ್ಯಾಕೆಟ್ ನೋಡಿದರು, ನನ್ನ ಮುಖ ನೋಡಿದರು.

"ಏನ್ ಸಾರ್, ಹೊಸಾ ಸ್ಪ್ರಿಂಗ್ ತಂದು ಕತ್ತರಿಸು ಅಂತೀರಲ್ಲ?"

"ಕತ್ತರಿಸೋಕೇ ತಂದಿದ್ದು ಅಣ್ಣ. ಗ್ಯಾಸ್ ಮಾತ್ರ ಬೇಡ, ಬ್ಲೇಡಲ್ಲೇ ಮಾಡಿ."

ಗ್ಯಾಸ್ ಕಟರ್ ಹಿಡಿದರೆ ಉಕ್ಕಿನ ಹದ ಕೆಡುತ್ತದೆ. ಅವರು ಕಟಿಂಗ್ ಚಕ್ರದಲ್ಲಿ ಸ್ವಲ್ಪ ಸ್ವಲ್ಪವೇ ಕೊಯ್ದು, ಮಧ್ಯೆ ಮಧ್ಯೆ ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಿದರು. ಕತ್ತರಿಸಿದ ತುದಿಯನ್ನು ಚಪ್ಪಟೆಯಾಗಿ ಉಜ್ಜಿ, ಚೂಪು ಅಂಚು ತೆಗೆದುಕೊಟ್ಟರು.

ಅಲ್ಲೇ ಇನ್ನೊಂದು ಆಟ ಆಡಿದೆವು. ಮನೆಯಿಂದ ತೂಕ ನೋಡುವ ಮಿಷನ್ ಕದ್ದು ತಂದಿದ್ದೆ. ಅವರ ಡ್ರಿಲ್ಲಿಂಗ್ ಮಿಷನ್ನಿನ ಮೇಜಿನ ಮೇಲೆ ಅದನ್ನಿಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಡೊಂಕಾಗದಿರಲಿ ಅಂತ ಒಳಗೆ ಒಂದು ರಾಡ್ ಬಿಟ್ಟು, ಹಿಡಿಕೆ ಎಳೆದು ಸರಿಯಾಗಿ 50 ಮಿಮೀ ಒತ್ತಿದೆವು. ಕತ್ತರಿಸಿದ್ದು ಎಷ್ಟು ಕೆಜಿ, ಕತ್ತರಿಸದಿದ್ದುದು ಎಷ್ಟು ಕೆಜಿ ಅಂತ ಎರಡನ್ನೂ ಬರೆದುಕೊಂಡೆ. ಲೆಕ್ಕ ಕಾಗದದ ಮೇಲಿದ್ದುದಕ್ಕೆ ಹತ್ತಿರವೇ ಬಂತು. ಅಂಗಡಿಯವರಿಗೆ ನನಗಿಂತ ಜಾಸ್ತಿ ಖುಷಿ. ಕೂಲಿ ತೆಗೆದುಕೊಳ್ಳಲು ಒಪ್ಪಲೇ ಇಲ್ಲ, ಟೀ ಕುಡಿಸಿದೆ.

ಒಂದು ಎಚ್ಚರ. ಕತ್ತರಿಸಿದ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಸುತ್ತುಗಳು ಒಂದಕ್ಕೊಂದು ಮುಟ್ಟಿಬಿಟ್ಟರೆ ಫೋರ್ಕ್ ಅಲ್ಲಿಗೇ ಲಾಕ್. ತಂತಿಯ ದಪ್ಪವನ್ನು ಸುತ್ತುಗಳಿಂದ ಗುಣಿಸಿ ಸ್ಪ್ರಿಂಗಿನ ಉದ್ದದಿಂದ ಕಳೆಯಿರಿ. ಉಳಿಯುವುದು ಫೋರ್ಕಿನ ಚಲನೆ ಮತ್ತು ಜೋಡಿಸುವಾಗಿನ ಒತ್ತು ಎರಡೂ ಸೇರಿದ್ದಕ್ಕಿಂತ ಜಾಸ್ತಿ ಇರಬೇಕು. ನನಗೆ 12 ಮಿಮೀ ಉಳಿಯಿತು. ಇನ್ನೆರಡು ಸುತ್ತು ಕತ್ತರಿಸುವ ಆಸೆ ಇತ್ತು, ಈ ಲೆಕ್ಕ ನೋಡಿ ಬಿಟ್ಟೆ.

ಭಾನುವಾರ ಬೆಳಗ್ಗೆ ಫೋರ್ಕಿನ ಎರಡೂ ಕಾಲು ಬಿಚ್ಚಿದೆ. ಹಳೇ ಆಯಿಲ್ ಅಳತೆ ಗ್ಲಾಸಿಗೆ ಸುರಿದಾಗ ಒಂದು ವಿಷಯ ಗೊತ್ತಾಯಿತು. 20ಡಬ್ಲ್ಯು ಹಾಕಿದ ಗ್ಯಾರೇಜಿನವರು ಎಡಗಡೆಗೆ ಬಲಗಡೆಗಿಂತ 30 ಮಿಲೀ ಕಡಿಮೆ ಹಾಕಿದ್ದರು. ಸೀಲ್ ಸೋರಿದ ಗುರುತೂ ಇರಲಿಲ್ಲ. ಅವತ್ತಿನಿಂದ ಈ ಕೆಲಸ ಯಾರಿಗೂ ಕೊಡುವುದಿಲ್ಲ.

ಈ ಸಲ ಕಂಪನಿಯಿಂದ ಬಂದಿದ್ದ ದರ್ಜೆಗಿಂತ ಒಂದೇ ಮೆಟ್ಟಿಲು ಗಟ್ಟಿ ಆಯಿಲ್ ಹಾಕಿದೆ. ಗಟ್ಟಿ ಸ್ಪ್ರಿಂಗ್ ವಾಪಸ್ ತಳ್ಳುವುದೂ ಜೋರು, ಅದನ್ನು ಹಿಡಿಯಲು ಅಷ್ಟು ಬೇಕು. ಡಬ್ಬದ ಮೇಲಿನ 10ಡಬ್ಲ್ಯು, 15ಡಬ್ಲ್ಯು ಅನ್ನುವ ಅಂಕಿ ಪೂರ್ತಿ ನಂಬಬೇಡಿ. ಒಂದು ಕಂಪನಿಯ 10 ಇನ್ನೊಂದರ 15ಕ್ಕೆ ಹತ್ತಿರ ಇರಬಹುದು. ಡಬ್ಬದ ಹಿಂದೆ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಆಯಿಲ್ ಗಟ್ಟಿತನದ ಅಳತೆ) ಅಂತ ಇದ್ದರೆ ಅದನ್ನು ಹೋಲಿಸಿ.

ಮಿಲೀ ಲೆಕ್ಕಕ್ಕಿಂತ ಮಟ್ಟದ ಲೆಕ್ಕ ಮುಖ್ಯ, ಯಾಕೆಂದರೆ ಒಳಗೆ ಹಳೇದು ಸ್ವಲ್ಪ ಉಳಿದೇ ಇರುತ್ತದೆ. ಸ್ಪ್ರಿಂಗ್ ಹೊರಗಿಟ್ಟು, ಕಾಲನ್ನು ಪೂರ್ತಿ ಒತ್ತಿ, ಗುಳ್ಳೆ ನಿಲ್ಲುವವರೆಗೆ ಮೇಲೆ ಕೆಳಗೆ ಮಾಡಿ, ಹತ್ತು ನಿಮಿಷ ಬಿಟ್ಟು, ಕೊಳವೆಯ ಬಾಯಿಂದ ಆಯಿಲ್‌ವರೆಗೆ ಅಳೆಯಬೇಕು. ನಾನು ಮೆಡಿಕಲ್ ಸ್ಟೋರಿನಿಂದ 50 ಮಿಲೀ ಸಿರಿಂಜ್, ಡ್ರಿಪ್ ಪೈಪ್ ತಂದಿದ್ದೆ. ಪೈಪಿಗೆ ಬೇಕಾದ ಅಳತೆಯಲ್ಲಿ ಗುರುತು ಹಾಕಿ, ಗುರುತು ಕೊಳವೆಯ ಬಾಯಿಗೆ ಬರುವಷ್ಟು ಇಳಿಬಿಟ್ಟು, ಹೆಚ್ಚಿದ್ದನ್ನು ಎಳೆದರೆ ಎರಡೂ ಕಾಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ. ಮೇಲಿನ ಗಾಳಿಯ ಜಾಗ ಕೂಡ ಒಂದು ಸ್ಪ್ರಿಂಗೇ. ಶುರುವಿನಲ್ಲಿ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ, ಕೊನೆಯಲ್ಲಿ ಸಿಕ್ಕಾಪಟ್ಟೆ ಗಟ್ಟಿ. ಮ್ಯಾನ್ಯುಯಲ್ಲಿನ ಅಳತೆಗಿಂತ ಗಾಳಿಯ ಜಾಗವನ್ನು 10 ಮಿಮೀ ಕಡಿಮೆ ಮಾಡಿದೆ, ಚರಂಡಿಯ ನೆನಪಿಟ್ಟುಕೊಂಡು. ಇದಕ್ಕಿಂತ ಜಾಸ್ತಿ ಹೋದರೆ ಒತ್ತಡಕ್ಕೆ ಸೀಲ್ ಹೋಗುವ ಭಯ.

ಪೈಪಿನ ತುಂಡು ದಪ್ಪ ಗೋಡೆಯದ್ದು, ಎರಡೂ ತುದಿಗೆ ವಾಷರ್. ಮೊದಲು ಉದ್ದ ಕತ್ತರಿಸಿ, ಅಳೆದು, ಬಿಚ್ಚಿ, 5 ಮಿಮೀ ಕತ್ತರಿಸಿ, ಮತ್ತೆ ಅಳೆದು. ಮೂರನೇ ಸಲಕ್ಕೆ ಬೈಕ್ ಒಂದೇ 31, ನಾನು ನಿಂತಾಗ 59. ವ್ಯತ್ಯಾಸ 28! ಈಗ ಸ್ಪ್ರಿಂಗ್ ನಿಜವಾಗಿಯೂ ಬದಲಾಗಿದೆ.

ಚಕ್ರ ಹಾಕುವಾಗ ಬಹಳ ಜನ ಮರೆಯುವುದು ಒಂದಿದೆ. ಆಕ್ಸಲ್ ಬಿಗಿ ಮಾಡಿ, ಆದರೆ ಆಕ್ಸಲನ್ನು ಹಿಡಿಯುವ ಸಣ್ಣ ಬೋಲ್ಟ್ ಸಡಿಲ ಬಿಡಿ. ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಜೋರಾಗಿ ಒತ್ತಿ, ಕಾಲುಗಳು ತಮ್ಮ ಜಾಗಕ್ಕೆ ಕೂತ ಮೇಲೆ ಅದನ್ನು ಬಿಗಿ ಮಾಡಿ. ಇಲ್ಲದಿದ್ದರೆ ಎರಡು ಕಾಲೂ ಒಂದನ್ನೊಂದು ಎಳೆದಾಡುತ್ತಾ ಇರುತ್ತವೆ, ಎಷ್ಟು ಒಳ್ಳೆ ಆಯಿಲ್ ಹಾಕಿದರೂ ಫೋರ್ಕ್ ತಡವರಿಸುತ್ತದೆ.

ಮುಂದಿನ ವಾರ ಅದೇ ತೋಟ, ಅದೇ ಚರಂಡಿ. ಫೋರ್ಕ್ ಕೊಳವೆಗೆ ಕಟ್ಟಿದ ನೈಲಾನ್ ಟ್ಯಾಗನ್ನು ಡಸ್ಟ್ ಸೀಲಿಗೆ ತಾಗಿಸಿ ಇಳಿದೆ, ಫೋರ್ಕ್ ಕುಗ್ಗಿದಷ್ಟು ಅದು ಮೇಲೆ ಸರಿಯುತ್ತದೆ. ಠಣ್ ಇಲ್ಲ. ಕೆಳಗೆ ನಿಲ್ಲಿಸಿ ನೋಡಿದರೆ ಟ್ಯಾಗ್ ಕೊನೆ ಮುಟ್ಟಲು ಇನ್ನೂ 14 ಮಿಮೀ ಇತ್ತು. ಪೇಟೆಯ ಸಣ್ಣ ಗುಂಡಿಗಳಲ್ಲಿ ಮೊದಲಿಗಿಂತ ಒಂಚೂರು ಒರಟು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಹಿಂದೆ ಕೂತು ಹೇಳಿದ್ದು: "ಮುಂದೆ ಸರಿ ಮಾಡ್ಕೊಂಡ್ರಿ, ಹಿಂದೆ ಕೂರೋರ ಗತಿ?" ತೂಕದ ಮಿಷನ್ ಎಲ್ಲಿ ಅಂತಲೂ ಕೇಳಿದಳು.

ಎರಡು ತಿಂಗಳ ಮೇಲೆ ಬಲಗಾಲಿನಲ್ಲಿ ಸಣ್ಣಗೆ ಆಯಿಲ್ ಒಸರಿತು. ಸೀಲ್ ಹೋಯಿತು ಅಂದುಕೊಂಡು ಬೇಜಾರಾದೆ. ನೀರಿನ ಬಾಟಲಿಯಿಂದ ತೆಳು ಪಟ್ಟಿ ಕತ್ತರಿಸಿ, ತುದಿಗೆ ಸಣ್ಣ ಕೊಕ್ಕೆ ಮಾಡಿ, ಡಸ್ಟ್ ಸೀಲ್ ಇಳಿಸಿ, ಒಳಗಿನ ಸೀಲಿನ ಸುತ್ತ ಒಮ್ಮೆ ಎಳೆದೆ. ಅಕ್ಕಿ ಕಾಳಿನ ಕಾಲು ಭಾಗದಷ್ಟು ಕೆಂಪು ಮಣ್ಣು ಬಂತು. ಒರೆಸಿ ಬಿಟ್ಟೆ, ಮತ್ತೆ ಒಸರಿಲ್ಲ.