ಐಕ್ಯಾನ್ ಬಜೆಟ್ ಓಟು: 'ಬೇಡ' ಅನ್ನದೆ ಕೆಲಸ ಮಾಡಿಸಿಕೊಂಡ ಬಗೆ

ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್. ಅದರ ಬಜೆಟ್‌ನಲ್ಲಿ ರಿಜಿಸ್ಟ್ರಾರ್‌ಗಳು, ಅಂದರೆ ಡೊಮೈನ್ ಹೆಸರು ಮಾರುವ ಕಂಪನಿಗಳು, ಕಟ್ಟಬೇಕಾದ ಫೀಗೆ ಪ್ರತಿ ವರ್ಷ ಅವರದೇ ಓಟು ಕೇಳುತ್ತಾರೆ. ಆ ಮೇಲ್ ಬಂದ ಕೂಡಲೇ 'ಒಪ್ಪಿಗೆ' ಒತ್ತಿ ಮರೆತುಬಿಡುವ ಸಣ್ಣ ರಿಜಿಸ್ಟ್ರಾರ್‌ಗಳಿಗೆ ಇದು. ನಾನೂ ಬೆಂಗಳೂರಿನಲ್ಲಿ ಅಂಥದ್ದೇ ಒಂದು ಕಂಪನಿ ನಡೆಸುತ್ತೇನೆ. ಈ ದುಡ್ಡು ಎಲ್ಲಿ ಹೋಗುತ್ತದೆ ಅಂತ ಎಲ್ಲರೂ ಸೇರಿ ಕೇಳೋಣ ಅಂದಾಗ ನಕ್ಕವರೇ ಜಾಸ್ತಿ. ಈಗ ಅವರೇ ಫೋನ್ ಮಾಡುತ್ತಾರೆ.

ಖರ್ಚು ನಿಮಗೆ ಗೊತ್ತೇ ಇದೆ. ವರ್ಷಕ್ಕೆ 4,000 ಡಾಲರ್ ಇದ್ದದ್ದೇ. ಹೆಸರೊಂದಕ್ಕೆ 18 ಸೆಂಟ್ ಇತ್ತು, 2025ರ ಜುಲೈಯಿಂದ 20. ಇದನ್ನು ಗಿರಾಕಿಯಿಂದ ವಸೂಲು ಮಾಡಬಹುದು. ಹೊಟ್ಟೆ ಉರಿಸುವುದು ಮೂರನೆಯದು. ವರ್ಷಕ್ಕೆ ಹತ್ತಾರು ಲಕ್ಷ ಡಾಲರನ್ನು ರಿಜಿಸ್ಟ್ರಾರ್‌ಗಳ ತಲೆಗೆ ಹಂಚುತ್ತಾರಲ್ಲ, ಅದು. ಸಣ್ಣವರಿಗೆ ಮೂರರಲ್ಲಿ ಎರಡು ಪಾಲು ಮನ್ನಾ ಇದೆ, ನಿಜ. ಆದರೆ ಅವಧಿ ಮುಗಿದು ಬಿಟ್ಟುಹೋದ ಹೆಸರುಗಳನ್ನು ಹಿಡಿಯುವ ಡ್ರಾಪ್‌ಕ್ಯಾಚ್‌ನವರು ನೂರಾರು ಲೈಸೆನ್ಸ್ ಇಟ್ಟುಕೊಂಡಿದ್ದಾಗ ತಲೆಗಳು ಮೂರು ಸಾವಿರದ ಹತ್ತಿರ ಇದ್ದವು. ಅವರು ಲೈಸೆನ್ಸ್ ಬಿಡತೊಡಗಿದರು, ಕೂತಲ್ಲೇ ನಮ್ಮ ಪಾಲು ಏರಿತು. ಬಾಡಿಗೆ ಮನೆಯಲ್ಲಿ ಜೊತೆಗಿದ್ದವರು ಖಾಲಿ ಮಾಡಿದ ಹಾಗೆ.

ಮೊದಲು ಐಕ್ಯಾನ್‌ಗೆ ಪತ್ರ ಬರೆಯಲು ಹೊರಟೆವು. ಒಬ್ಬರಿಗೆ 'ಆಕ್ಷೇಪ' ಅನ್ನುವುದು ಜೋರಾಯಿತು, ಇನ್ನೊಬ್ಬರಿಗೆ ಸಪ್ಪೆ. ಕರಡಿನಲ್ಲೇ ಸತ್ತುಹೋಯಿತು. ಆಮೇಲೆ 'ಬೇಡ' ಅಂತ ಓಟು ಹಾಕುವ ಚಳವಳಿ. ಅದೂ ಲೆಕ್ಕದಲ್ಲೇ ಬಿತ್ತು. ಇಲ್ಲಿ ತಲೆ ಎಣಿಸುವುದಿಲ್ಲ, ಕಟ್ಟುವ ದುಡ್ಡು ಎಣಿಸುತ್ತಾರೆ. ಒಟ್ಟು ಫೀಯಲ್ಲಿ ಮೂರರಲ್ಲಿ ಎರಡು ಪಾಲು ಕಟ್ಟುವವರು ಒಪ್ಪಿದರೆ ಮುಗಿಯಿತು. ನಾವು ಮೂವತ್ತು ಚಿಲ್ಲರೆ ಮಂದಿ ಸೇರಿದರೂ ಶೇ. 2 ಆಗುತ್ತಿರಲಿಲ್ಲ. ಒಂದು ವೇಳೆ ಒಪ್ಪಿಗೆ ಸಿಗದಿದ್ದರೂ ರಿಜಿಸ್ಟ್ರಿಗಳ (ಡಾಟ್‌ಕಾಮ್‌ನಂಥವನ್ನು ನಡೆಸುವ ಸಗಟು ಕಂಪನಿಗಳ) ಮೂಲಕ ಫೀ ವಸೂಲು ಮಾಡಲು ಒಪ್ಪಂದದಲ್ಲೇ ದಾರಿ ಇದೆ. ಹಾಗಾದರೆ ಆ ಮನ್ನಾ ಉಳಿಯುತ್ತದೆ ಅಂತ ಯಾರು ಹೇಳಬೇಕು? ನಕ್ಕವರ ವಾದವೂ ಇದೇ ಆಗಿತ್ತು.

ಹಾಗಾಗಿ 'ಬೇಡ' ಬಿಟ್ಟೆ. 'ಹೌದು' ಅನ್ನುವುದನ್ನೇ ತಡವಾಗಿ ಕೊಡೋಣ ಅಂದೆ. ಡಿಸೆಂಬರ್ ಹೊತ್ತಿಗೆ ಕರಡು ಬಜೆಟ್ ಬಂದಾಗ ಪುಟ ಹಂಚಿಕೊಂಡೆವು. ಒಬ್ಬರಿಗೆ ಪ್ರಯಾಣ, ಒಬ್ಬರಿಗೆ ಸಂಬಳ (ಅರ್ಧಕ್ಕಿಂತ ಜಾಸ್ತಿ ಹೋಗುವುದು ಅಲ್ಲೇ), ಒಬ್ಬರಿಗೆ ಸಲಹೆಗಾರರು. ದೂರು ಬರೆಯಬಾರದು, ಪ್ರಶ್ನೆ ಮಾತ್ರ. ಪ್ರತಿ ಪ್ರಶ್ನೆಗೂ ಪುಟ ಸಂಖ್ಯೆ, ಒಂದು ಅಂಕಿ. ಅದನ್ನೇ ಹಿಡಿದು ಕೆಲವು ಮಧ್ಯಮ ಗಾತ್ರದವರ ಹತ್ತಿರ ಹೋದೆ: "ಸಾರ್, ಒಪ್ಪಿಗೆ ಕೊಡಿ, ಆದರೆ ಇದಕ್ಕೆ ಉತ್ತರ ಬರುವ ತನಕ ಬಟನ್ ಒತ್ತಬೇಡಿ." ಇಷ್ಟಕ್ಕೆ ಯಾರಿಗೂ ಕಷ್ಟವಿಲ್ಲ ಅಲ್ವಾ? ಕೊನೆಗೆ ಒಬ್ಬ ದೊಡ್ಡವರೂ ಬಂದರು. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ, ಮುಂದಿನ ಸಲಕ್ಕೂ ಬೇಕು.

ಓಟಿನ ಗಡುವು ಹತ್ತಿರ ಬಂದರೂ ಲೆಕ್ಕ ತುಂಬಲಿಲ್ಲ. ನೆನಪಿಸುವ ಮೇಲ್‌ಗಳು ಬಂದವು. ಆಮೇಲೆ ನಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ, ಅಂಕಿ ಸಮೇತ, ಬರಹದಲ್ಲಿ ಉತ್ತರ. ಎರಡು ಮೂರಕ್ಕೆ ಜಾರಿಕೊಂಡರು, ಉಳಿದವು ಗಟ್ಟಿ. ಫೀ ಇಳಿಯಲಿಲ್ಲ, ಇಳಿಯುತ್ತದೆ ಅಂತ ನಾನು ಯಾರಿಗೂ ಹೇಳಿರಲೂ ಇಲ್ಲ. ಆದರೆ ಈಗ ಕರಡು ಬರುವ ಮುಂಚೆಯೇ ಐಕ್ಯಾನ್‌ನವರು ನಮ್ಮನ್ನು ಕೂರಿಸಿ ಮಾತಾಡುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬಿಲ್ಲಿನಲ್ಲಿ 'ಐಕ್ಯಾನ್ ಫೀ' ಅಂತ ಬೇರೆ ಸಾಲು ಹಾಕಿದೆ, ಹದಿನೈದು ರೂಪಾಯಿ ಚಿಲ್ಲರೆ. "ಇದ್ಯಾರು ಸ್ವಾಮಿ ಐಕ್ಯಾನ್?" ಅಂತ ಫೋನೋ ಫೋನು. ಆ ಕರೆಗಳಿಗೆ ಉತ್ತರಿಸುವ ಹುಡುಗನ ಸಂಬಳವೇ ಜಾಸ್ತಿ ಆಯಿತು, ತೆಗೆದುಬಿಟ್ಟೆ. ಇನ್ನೊಂದು ಲೆಕ್ಕ ನೋಡಿ. ನನ್ನ ಹತ್ತಿರ ಹತ್ತು ಹನ್ನೆರಡು ಸಾವಿರ ಹೆಸರು. 2 ಸೆಂಟ್ ಏರಿಕೆ ಅಂದರೆ ವರ್ಷಕ್ಕೆ 200-240 ಡಾಲರ್. ಮೂರು ತಿಂಗಳಿಗೊಮ್ಮೆ ಡಾಲರ್ ಕಳಿಸಲು ಬ್ಯಾಂಕಿಗೆ ಹೋಗುವ ಕಮಿಷನ್, ರೇಟಿನ ವ್ಯತ್ಯಾಸ ಸೇರಿದರೆ ಹೆಚ್ಚುಕಮ್ಮಿ ಅಷ್ಟೇ. ಬ್ಯಾಂಕಿನ ಜೊತೆ ಚೌಕಾಸಿ ಮಾಡಿದ್ದು ಅರ್ಧ ದಿನದ ಕೆಲಸ.

ಡಾಟ್‌ಕಾಮ್ ನಡೆಸುವ ವೆರಿಸೈನ್ ಜೊತೆಗೂ ಹೀಗೇ ಮಾಡೋಣ ಅಂತ ಕೆಲವರು ಹುರುಪಿನಲ್ಲಿದ್ದಾರೆ. ಡಾಟ್‌ಕಾಮ್ ಸಗಟು ಬೆಲೆ 2024ರ ಸೆಪ್ಟೆಂಬರ್‌ನಲ್ಲಿ 9.59ರಿಂದ 10.26 ಡಾಲರ್ ಆಯಿತು. ಅಲ್ಲಿ ನಮಗೆ ಓಟೇ ಇಲ್ಲ, ತಡ ಮಾಡಲು ಬಟನ್ನೂ ಇಲ್ಲ. ಆ ಕಡೆ ಸುಮ್ನೆ ಶಕ್ತಿ ಹಾಳು ಮಾಡಬೇಡಿ.